ಹೊರಗೆ ಹಿಮದಲ್ಲಿ ಅರ್ಧ ಗಂಟೆ, ಒಳಗೆ ಅರ್ಧ ನಿಮಿಷ: ದತ್ತು ತಂದ ನಾಯಿಗೆ ಹೊರಗೆ ಹೋಗುವುದನ್ನು ಕಲಿಸುವುದು ಹೇಗೆ?

ಕೆಂಚಿಯ ಮನೆಯವಳು:

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿ ಪಳಗಿದವರ ಸಲಹೆ ಬೇಕಾಗಿದೆ.

ಕೆಂಚಿ ನಮ್ಮ ಮನೆಗೆ ಬಂದದ್ದು ಈ ಚಳಿಗಾಲದಲ್ಲೇ, ಮೊದಲ ಹಿಮ ಬಿದ್ದ ವಾರ. ಹೆಣ್ಣು. ವಯಸ್ಸು ಎರಡು ವರ್ಷದ ಆಸುಪಾಸು ಎಂದು ಆಶ್ರಯ ಕೇಂದ್ರದವರು ಹಲ್ಲು ನೋಡಿ ಹೇಳಿದರು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಉದ್ದ ಕಾಲು, ಎದ್ದು ಕಾಣುವ ಪಕ್ಕೆಲುಬು, ಹೊಟ್ಟೆಯ ಅಡಿಯಲ್ಲಿ ಕೂದಲು ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಇದುವರೆಗಿನ ಬದುಕಿನ ಬಹುಪಾಲನ್ನು ಸಿಮೆಂಟ್ ನೆಲದ ಗೂಡಿನಲ್ಲಿ ಕಳೆದವಳು.

ಸ್ವಭಾವದ ಬಗ್ಗೆ ಒಂದು ದೂರೂ ಇಲ್ಲ. ಸೋಫಾ ಕಚ್ಚುವುದಿಲ್ಲ, ಬಾಗಿಲು ಕೆರೆಯುವುದಿಲ್ಲ, ಬಂದವರ ಮೇಲೆ ಹಾರುವುದಿಲ್ಲ. ತೊಂದರೆ ಇರುವುದು ಒಂದರಲ್ಲೇ. ಹೊರಗೆ ಎಷ್ಟು ಹೊತ್ತು ನಿಂತರೂ ಹೊಯ್ಯದವಳು ಒಳಗೆ ಬಂದ ಕೂಡಲೇ ಹೊಯ್ಯುತ್ತಾಳೆ.

ನಡೆಯುವುದು ಹೀಗೆ. ಬೆಳಿಗ್ಗೆ ಹಗ್ಗ ಹಾಕಿ ಹಿತ್ತಲಿಗೆ ಕರೆದುಕೊಂಡು ಹೋಗುತ್ತೇನೆ. ಮೆಟ್ಟಿಲ ತುದಿಯಲ್ಲಿ ನಿಂತು ಗಾಳಿ ಮೂಸುತ್ತಾಳೆ. ಇಳಿದ ಮೇಲೆ ಮೂರು ಕಾಲು ನೆಲಕ್ಕೆ, ಒಂದು ಕಾಲು ಮೇಲಕ್ಕೆ. ಸ್ವಲ್ಪ ಹೊತ್ತಿಗೆ ಆ ಕಾಲು ಕೆಳಕ್ಕೆ, ಇನ್ನೊಂದು ಮೇಲಕ್ಕೆ. ಮೂತಿಯನ್ನು ಹಿಮದೊಳಗೆ ತೂರಿಸಿ, ಏನೂ ಸಿಗದೆ ಎತ್ತಿ, ನನ್ನ ಮುಖ ನೋಡುತ್ತಾಳೆ. ಆಮೇಲೆ ಬಾಗಿಲು ನೋಡುತ್ತಾಳೆ. ಮತ್ತೆ ನನ್ನ ಮುಖ. ನನ್ನ ಬೆರಳುಗಳು ಮರಗಟ್ಟಿದ ಮೇಲೆ ಇಬ್ಬರೂ ಸೋತು ಒಳಗೆ ಬರುತ್ತೇವೆ. ಅವಳು ಮೈ ಕೊಡವಿಕೊಂಡು, ಸ್ನಾನದ ಮನೆಗೆ ಹೋಗುವ ಓಣಿಯಲ್ಲಿ ಟೈಲ್ಸಿನ ಮೇಲೆ ನೆಮ್ಮದಿಯಾಗಿ ಕುಳಿತು ಕೆರೆ ತುಂಬಿಸುತ್ತಾಳೆ. ಮುಖದಲ್ಲಿ ಅಳುಕು ಎಂಬುದು ಎಳ್ಳಷ್ಟೂ ಇಲ್ಲ. ಕೆಲಸ ಮುಗಿಸಿದ ಸಮಾಧಾನವಷ್ಟೇ.

ನಮ್ಮ ಮನೆಯಲ್ಲಿ ಎರಡು ಪಕ್ಷ ಆಗಿದೆ. "ಇದು ಹಠ. ಮೂತಿ ಹಿಡಿದು ಅದರಲ್ಲೇ ಒತ್ತಿದರೆ ಎರಡು ದಿನಕ್ಕೆ ಬುದ್ಧಿ ಬರುತ್ತದೆ" ಎನ್ನುವುದು ಒಂದು ಪಕ್ಷ. ಒತ್ತಲು ನಾನು ಬಿಟ್ಟಿಲ್ಲ. ಬಿಡದೆ ಇರುವುದಕ್ಕೆ "ನಾಯಿ ಬಾಲಕ್ಕೆ ದಬ್ಬೆ ಕಟ್ಟುತ್ತಾ ಕೂತಿರು" ಎಂಬ ಮಾತನ್ನೂ ಕೇಳಿಸಿಕೊಂಡಿದ್ದೇನೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಇದು ಹಠವೇ? ಚಳಿಗಾಲ ಮುಗಿಯುವವರೆಗೆ ಒಳಗೇ ಮೂತ್ರ ಹೀರುವ ಪ್ಯಾಡ್ ಹಾಸಿ ಕಾಯುವುದು ಒಳ್ಳೆಯದೇ, ಅಥವಾ ಅದರಿಂದ ಕೆಡುಕೇ ಹೆಚ್ಚೇ? ಚಳಿಗೆಂದು ಕೋಟು ತಂದೆ. ತೊಡಿಸಿದರೆ ಕಲ್ಲಿನ ಬಸವನ ಹಾಗೆ ನಿಂತುಬಿಡುತ್ತಾಳೆ, ಕಣ್ಣು ಮಾತ್ರ ಆಡುತ್ತದೆ. ಅದಕ್ಕೇನಾದರೂ ಉಪಾಯ ಇದೆಯೇ?

ದೂರದ ಬೊಗಳು:

ತರಬೇತಿಯ ಮಾತಿಗೆ ಮೊದಲು ಆರೋಗ್ಯದ ಮಾತು. ಮೂತ್ರದ ಪರೀಕ್ಷೆ ಮಾಡಿಸಿದ್ದೀರಾ? ಸ್ವಲ್ಪ ಸ್ವಲ್ಪವೇ ಪದೇ ಪದೇ ಹೋಗುವುದು, ತಿಣುಕುವುದು, ಮೂತ್ರದಲ್ಲಿ ರಕ್ತ, ಆ ಜಾಗವನ್ನು ಬಿಡದೆ ನೆಕ್ಕಿಕೊಳ್ಳುವುದು, ಇವು ಸೋಂಕಿನ ಗುರುತುಗಳು. ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದರೆ ಅದಕ್ಕೂ ಪಶುವೈದ್ಯರನ್ನು ಕಾಣಬೇಕು.

ಇನ್ನೊಂದು ವಿಷಯ. ಸಂತಾನಹರಣ ಆದ ಕೆಲವು ಹೆಣ್ಣುನಾಯಿಗಳಲ್ಲಿ ಮೂತ್ರದ್ವಾರದ ಬಿಗಿ ಸಡಿಲವಾಗಿ, ಮಲಗಿದಲ್ಲೇ ಸೋರುತ್ತದೆ. ಅದಕ್ಕೆ ಔಷಧಿ ಇದೆ, ತರಬೇತಿಯಿಂದ ಅದು ಸರಿಹೋಗುವುದಿಲ್ಲ. ನಿಮ್ಮದು ಎಚ್ಚರದಲ್ಲಿ, ನಡೆದು ಹೋಗಿ, ಕುಳಿತು ಮಾಡುವುದು ಎಂದು ಕಾಣುತ್ತದೆ. ಆದರೂ ಕೇಳಬೇಕಾದದ್ದು ನನ್ನ ಕೆಲಸ. ಮಲ ಎಲ್ಲಿ ಹಾಕುತ್ತಾಳೆ? ಹೊರಗೆ ಎಂದಾದರೂ, ಎಲ್ಲಾದರೂ, ತಪ್ಪಿಯಾದರೂ ಹೋಗಿದ್ದಾಳೆಯೇ?

ಕೆಂಚಿಯ ಮನೆಯವಳು:

ಪರೀಕ್ಷೆ ಆಗಿದೆ, ಸೋಂಕು ಇಲ್ಲ. ಮಲಗಿದಲ್ಲಿ ಸೋರುವುದಿಲ್ಲ, ಹಾಸಿಗೆ ಸದಾ ಒಣಗಿರುತ್ತದೆ. ಮಲವೂ ಅದೇ ಓಣಿಯಲ್ಲಿ, ಹೆಚ್ಚಾಗಿ ನಸುಕಿನಲ್ಲಿ, ನಾವು ಏಳುವ ಮೊದಲು.

ಹೊರಗೆ ಒಮ್ಮೆ ಹೋಗಿದ್ದಾಳೆ. ಹಿತ್ತಲಿಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸುವ ಮಾಡು ಇದೆ. ಸೂರು ಇರುವುದರಿಂದ ಅದರ ಅಡಿಯಲ್ಲಿ ಹಿಮ ಬೀಳುವುದಿಲ್ಲ. ಅಲ್ಲಿ ನಾನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದಾಗ ಪಕ್ಕದಲ್ಲೇ ಕುಳಿತು ಮುಗಿಸಿದಳು. ಜಾಗ ಸರಿಯಲ್ಲ ಎಂದು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

ಸಲಿಕೆ ಅಜ್ಜಿ:

ನಿಮ್ಮ ಪ್ರಶ್ನೆಗೆ ಕೆಂಚಿಯೇ ಉತ್ತರ ಕೊಟ್ಟಿದ್ದಾಳೆ, ಆ ಮಾಡಿನ ಅಡಿಯಲ್ಲಿ.

ಕಾಯಂ ಮನೆ ಸಿಗುವವರೆಗೆ ಆಶ್ರಯ ಕೇಂದ್ರದ ನಾಯಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು ನನ್ನ ಬಹುಕಾಲದ ಹವ್ಯಾಸ. ಹಿಮ ಎತ್ತುವ ಸಲಿಕೆ ಚಳಿಗಾಲವಿಡೀ ನನ್ನ ಬಾಗಿಲ ಪಕ್ಕದಲ್ಲೇ ಇರುತ್ತದೆ. ಯಾಕೆಂದು ಹೇಳುತ್ತೇನೆ.

ಕಾಲಡಿಗೆ ಯಾವ ನೆಲ ಸಿಕ್ಕರೆ ಅದು ಶೌಚದ ಜಾಗ ಎಂಬುದನ್ನು ನಾಯಿ ಮರಿಯಾಗಿದ್ದಾಗಲೇ, ಹುಟ್ಟಿದ ಮೊದಲ ಎರಡು ಮೂರು ತಿಂಗಳಲ್ಲೇ, ಬಹುಮಟ್ಟಿಗೆ ತೀರ್ಮಾನಿಸಿಕೊಂಡಿರುತ್ತದೆ. ಹುಲ್ಲಿನಲ್ಲಿ ಬೆಳೆದದ್ದಕ್ಕೆ ಹುಲ್ಲು, ಮರಳಿನಲ್ಲಿ ಬೆಳೆದದ್ದಕ್ಕೆ ಮರಳು. ಗೂಡಿನಲ್ಲಿ ವರ್ಷಗಟ್ಟಲೆ ಇದ್ದ ನಿಮ್ಮವಳಿಗೆ ಗಟ್ಟಿ, ನುಣ್ಣಗಿನ, ಬರಿಯ ನೆಲವೇ ಶೌಚಾಲಯ. ನಿಮ್ಮ ಮನೆಯಲ್ಲಿ ಅಂಥದ್ದು ಎರಡೇ ಕಡೆ ಇದೆ. ಒಂದು ಟೈಲ್ಸಿನ ಓಣಿ, ಇನ್ನೊಂದು ಕಾರಿನ ಮಾಡು. ಹಿತ್ತಲಿನ ಹಿಮ ಅವಳ ಲೆಕ್ಕದಲ್ಲಿ ಯಾವ ಜಾಗವೂ ಅಲ್ಲ. ಅಳುಕಿಲ್ಲದ ಮುಖ ಎಂದಿರಲ್ಲ, ಅದು ಸರಿಯಾಗಿಯೇ ಇದೆ. ಅವಳಿಗೆ ಗೊತ್ತಿರುವ ನಿಯಮವನ್ನು ಅವಳು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದಾಳೆ. ಹಠದ ಪಕ್ಷದವರಿಗೆ ಇದನ್ನು ಓದಿ ಹೇಳಿ.

ಹಿಮದ ಇನ್ನೊಂದು ಅಪರಾಧ ವಾಸನೆಯನ್ನು ಹೂತುಹಾಕುವುದು. "ಇಲ್ಲಿ ಹಿಂದೆ ಯಾರೋ ಹೋಗಿದ್ದಾರೆ, ನೀನೂ ಹೋಗಬಹುದು" ಎಂದು ನಾಯಿಗೆ ಹೇಳುವುದು ನೆಲದ ವಾಸನೆ. ಅವಳು ಮೂತಿ ತೂರಿಸಿ ಏನೂ ಸಿಗದೆ ಎತ್ತುತ್ತಾಳೆ ಎಂದಿರಿ. ಹುಡುಕಿದ್ದು ಅದನ್ನೇ.

ಆದ್ದರಿಂದ ಈಗ ಹಿತ್ತಲನ್ನು ಮರೆತುಬಿಡಿ. ಮಾಡಿನ ಒಂದು ಮೂಲೆಯನ್ನು ಅವಳಿಗೆ ಬಿಟ್ಟುಕೊಡಿ. ತೊಳೆದರೆ ಹೋಗುವ ನೆಲ, ಅದಕ್ಕೇಕೆ ಮರ್ಯಾದೆ. ಓಣಿಯಲ್ಲಿ ಹೊಯ್ದದ್ದನ್ನು ಹಳೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮೂಲೆಯಲ್ಲಿ ಕಲ್ಲು ಹೇರಿ ಇಡಿ. ಹಗ್ಗವನ್ನು ಗಿಡ್ಡ ಹಿಡಿದು, ಸುತ್ತುಬಳಸಿಲ್ಲದೆ ಅಲ್ಲಿಗೇ ಕರೆದೊಯ್ಯಿರಿ. ಅಲ್ಲಿ ನಿಮ್ಮ ಪಾತ್ರ ಕಂಬದ್ದು. ಮಾತು ಬೇಡ, ದಿಟ್ಟಿಸಿ ನೋಡುವುದು ಬೇಡ, "ಮಾಡು, ಮಾಡು" ಎಂದು ಗೋಗರೆಯುವುದಂತೂ ಬೇಡವೇ ಬೇಡ. ನೀವು ಬೂಟಿನ ದಾರ ಕಟ್ಟಲು ಬಗ್ಗಿದಾಗ ಅವಳು ಹೋದದ್ದು ಸುಮ್ಮನೆ ಅಲ್ಲ. ಆ ಹೊತ್ತಿಗೆ ನಿಮ್ಮ ಕಣ್ಣು ಅವಳ ಮೇಲಿರಲಿಲ್ಲ.

ಐದರಿಂದ ಹತ್ತು ನಿಮಿಷ ನೋಡಿ. ಹೋಗಲಿಲ್ಲ ಎಂದರೆ ಒಳಗೆ ಬನ್ನಿ. ಎಲ್ಲರೂ ಎಡವುವುದು ಇಲ್ಲೇ. ಒಳಗೆ ಬಂದ ಕೂಡಲೇ ಹಗ್ಗ ಬಿಚ್ಚುತ್ತಾರೆ. ನಾಯಿಗೆ ತುಂಬಿದ ಮೂತ್ರಚೀಲ, ಬೆಚ್ಚಗಿನ ಮನೆ, ಖಾಲಿ ಓಣಿ. ಮತ್ತೇನು ಬೇಕು? ಹಗ್ಗ ಬಿಚ್ಚಬೇಡಿ. ನಿಮ್ಮ ಸೊಂಟಕ್ಕೆ ಸುತ್ತಿಕೊಂಡು ಕೆಲಸ ಮಾಡುತ್ತಿರಿ, ಅವಳು ನಿಮ್ಮ ಪಕ್ಕದಲ್ಲೇ ಇರಲಿ. ಹತ್ತು ಹದಿನೈದು ನಿಮಿಷಕ್ಕೆ ಮತ್ತೆ ಮಾಡಿನ ಅಡಿಗೆ. ನೆಲ ಮೂಸುತ್ತಾ ಸುತ್ತತೊಡಗಿದರೆ ಅಷ್ಟು ಹೊತ್ತೂ ಕಾಯಬೇಡಿ, ಆಗಲೇ ಎದ್ದು ಹೊರಡಿ. ಹೀಗೆ ಓಣಿಯ ದಾರಿ ಮುಚ್ಚಿ ಮಾಡಿನ ದಾರಿ ತೆರೆದಿಟ್ಟರೆ ಚೀಲವೇ ಒಂದು ತೀರ್ಮಾನಕ್ಕೆ ಬರುತ್ತದೆ.

ಅವಳು ಕುಳಿತಾಗ ಉಸಿರು ಬಿಗಿಹಿಡಿದು ಸುಮ್ಮನಿರಿ. ಹರ್ಷೋದ್ಗಾರ ತೆಗೆದರೆ ಅರ್ಧಕ್ಕೆ ನಿಲ್ಲಿಸಿ ನಿಮ್ಮ ಕಡೆಗೆ ಓಡಿ ಬರುತ್ತಾಳೆ, ಉಳಿದರ್ಧ ಓಣಿಗೆ ಬೀಳುತ್ತದೆ. ಮುಗಿಸಿ ಎದ್ದ ಕ್ಷಣ, ಅಲ್ಲೇ, ಅವಳಿಗೆ ಪ್ರಾಣವಾಗಿರುವ ತಿನಿಸಿನ ಚೂರು ಬಾಯಿಗೆ. ಕೈಗವಸಿನೊಳಗೆ ಬೆರಳು ಮರಗಟ್ಟಿ ಚೂರು ಸಿಗದೆ ಪರದಾಡುವವರನ್ನು ನೋಡಿದ್ದೇನೆ. ಮುಂಚೆಯೇ ಅಂಗೈಯಲ್ಲಿ ಇಟ್ಟುಕೊಂಡಿರಿ. ಒಳಗೆ ಬಂದು ಡಬ್ಬ ತೆಗೆದು ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನ ಎಂದೇ ಅವಳ ಲೆಕ್ಕ. ಆಮೇಲೆ ತಡಮಾಡದೆ ಮನೆಯೊಳಗೆ. ಬೇಸಿಗೆಯಲ್ಲಾದರೆ ನಾನು ಮೊದಲು ಶೌಚ, ಆಮೇಲೆ ಸುತ್ತಾಟ ಎಂದು ಹೇಳುತ್ತೇನೆ, ಯಾಕೆಂದರೆ ಆಗ ಸುತ್ತಾಟವೇ ಬಹುಮಾನ. ಈ ಚಳಿಯಲ್ಲಿ ಬಾಗಿಲು ತೆರೆಯುವುದಕ್ಕಿಂತ ದೊಡ್ಡ ಬಹುಮಾನ ತೆಳು ಮೈಯವಳಿಗೆ ಯಾವುದಿದೆ?

ಮಾಡು ರೂಢಿಯಾದ ಮೇಲೆ ಸಲಿಕೆಯ ಕೆಲಸ. ಮಾಡಿನ ಅಂಚಿಗೆ ತಾಗಿದ ಹಾಗೆ ಒಂದು ತುಂಡು ಜಾಗದ ಹಿಮವನ್ನು ನೆಲ ಕಾಣುವವರೆಗೆ ಕೆರೆದು ತೆಗೆಯಿರಿ. ಮೇಲಿನದನ್ನು ತುಳಿದು ಗಟ್ಟಿ ಮಾಡಿದರೆ ಸಾಲದು, ಮಣ್ಣು ಕಾಣಬೇಕು. ತೆಗೆದ ಹಿಮವನ್ನು ಗಾಳಿ ಬೀಸುವ ಕಡೆಗೆ ಗೋಡೆಯ ಹಾಗೆ ಒಟ್ಟಿ. ಕುಳಿತಾಗ ಹೊಟ್ಟೆಗೆ ಗಾಳಿ ಹೊಡೆಯುವುದಿಲ್ಲ. ರಾತ್ರಿ ಮತ್ತೆ ಹಿಮ ಬೀಳುವ ಸೂಚನೆ ಇದ್ದರೆ ಸಂಜೆಯೇ ಅದರ ಮೇಲೆ ಟಾರ್ಪಾಲಿನ್ ಹಾಸಿ. ಬೆಳಿಗ್ಗೆ ಹಾಳೆಯ ಸಮೇತ ಹಿಮವನ್ನು ಪಕ್ಕಕ್ಕೆ ಎಳೆದರೆ ನಿನ್ನೆಯ ನೆಲ ನಿನ್ನೆಯ ವಾಸನೆಯೊಂದಿಗೆ ಹಾಗೇ ಇರುತ್ತದೆ. ವಾಸನೆಯ ಬಟ್ಟೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಮಾಡಿನಿಂದ ಆ ಕಡೆಗೆ ಸರಿಸುತ್ತಾ ಹೋಗಿ. ಬೇಕಿದ್ದರೆ ಒಣಹುಲ್ಲು ಹರಡಬಹುದು, ಕಾಲು ಕೊರೆಯುವುದಿಲ್ಲ.

ಮೂತಿ ಒತ್ತುವ ವಿಚಾರ. ಒತ್ತಿಸಿಕೊಂಡ ನಾಯಿ ಕಲಿಯುವ ಪಾಠ "ಒಳಗೆ ಹೊಯ್ಯಬಾರದು" ಎಂದಲ್ಲ, "ಇವರೆದುರು ಹೊಯ್ಯಬಾರದು" ಎಂದು. ಆಮೇಲೆ ಹಗ್ಗದ ಇನ್ನೊಂದು ತುದಿಯಲ್ಲಿ ನೀವಿರುವಷ್ಟು ಹೊತ್ತೂ ಹೊರಗೆ ಬಿಗಿಹಿಡಿಯುತ್ತದೆ, ಒಳಗೆ ಸೋಫಾದ ಹಿಂದೆ ಹೋಗುತ್ತದೆ. ಅಂಥದನ್ನು ಬಿಡಿಸುವುದಕ್ಕೆ ಈಗಿನದಕ್ಕಿಂತ ಎಷ್ಟೋ ಪಟ್ಟು ಕಷ್ಟಪಡಬೇಕು. ನೀವು ಬಿಡದಿದ್ದದ್ದು ಒಳ್ಳೆಯದಾಯಿತು.

ಓಣಿಯನ್ನು ಎಂಜೈಮ್ ಇರುವ ದ್ರವದಿಂದ ತೊಳೆಯಿರಿ. ಅದು ಮೂತ್ರದ ಅಂಶಗಳನ್ನೇ ಒಡೆಯುತ್ತದೆ. ಅಮೋನಿಯ ಇರುವ ದ್ರವಗಳನ್ನು ಬಳಸಬೇಡಿ. ಮೂತ್ರದಲ್ಲೂ ಅದೇ ವಾಸನೆ ಇರುವುದರಿಂದ ನೀವೇ ಆಹ್ವಾನಪತ್ರ ಬರೆದಂತಾಗುತ್ತದೆ. ಇನ್ನು, ಚಳಿಯಲ್ಲಿ ಹೊತ್ತುಗಳ ಅಂತರ ಕಡಿಮೆ ಇರಲಿ. ಮೈಗೆ ತಣುಪು ತಾಗಿದಾಗ ಚರ್ಮದ ರಕ್ತನಾಳಗಳು ಬಿಗಿದುಕೊಂಡು ರಕ್ತ ಒಳಮೈಗೆ ಸೇರುತ್ತದೆ, ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಹೊರಹಾಕುತ್ತವೆ. ನಮಗೂ ಚಳಿಯಲ್ಲಿ ಹೀಗೇ ಅಲ್ಲವೇ. ನಿದ್ದೆಯಿಂದ ಎದ್ದಾಗ, ಊಟವಾದ ಸ್ವಲ್ಪ ಹೊತ್ತಿಗೆ, ಆಟವಾಡಿದ ಮೇಲೆ, ಮಲಗುವ ಮುಂಚೆ, ಈ ಹೊತ್ತುಗಳನ್ನು ತಪ್ಪಿಸಬೇಡಿ.

ಪ್ಯಾಡ್ ಬೇಡ. ಸಿಮೆಂಟಿನಿಂದ ಮಣ್ಣಿಗೆ ಬರಬೇಕಾದವಳನ್ನು ನಡುವೆ ಹತ್ತಿಯ ಹಾಸಿಗೆಗೆ ಒಗ್ಗಿಸಿ, ಆಮೇಲೆ ಅದನ್ನೂ ಬಿಡಿಸುವ ಇಮ್ಮಡಿ ಕೆಲಸ ಯಾರಿಗೆ ಬೇಕು.

ಹಳೇ ಕಂಬಳಿ:

ಸಲಿಕೆ ಅಜ್ಜಿಯವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಪ್ಯಾಡಿನ ವಿಷಯ ಬಿಟ್ಟು. ಕಿವಿ ಹಾರಿಹೋಗುವಂಥ ಗಾಳಿ ಬೀಸುವ ರಾತ್ರಿ, ಮೈಯಲ್ಲಿ ಕೊಬ್ಬೇ ಇಲ್ಲದ ನಾಯಿಯನ್ನು ಪದೇ ಪದೇ ಹೊರಗೆ ಎಳೆದೊಯ್ಯುವುದು ಸರಿಯಲ್ಲ. ಅಂಥ ರಾತ್ರಿಗೆ ಒಂದು ಒಳಜಾಗ ಇರಲಿ. ಹತ್ತಿಯದು ಬೇಡ ಎಂದಾದರೆ ಅಗಲವಾದ ತಟ್ಟೆಯಲ್ಲಿ ಒಂದು ಸಿಮೆಂಟ್ ಹಲಗೆಯನ್ನು ಇಟ್ಟು ಹಿಂಬಾಗಿಲ ಪಕ್ಕದಲ್ಲಿಡಿ. ಕೆಂಚಿಗೆ ಅದು ಪರಿಚಿತ ನೆಲ. ಚಳಿ ತಗ್ಗಿದಾಗ ಅದೇ ಹಲಗೆಯನ್ನು ಹೊರಗೆ ಇಟ್ಟರಾಯಿತು, ವಾಸನೆಯೂ ಅದರೊಂದಿಗೇ ಹೊರಗೆ ಹೋಗುತ್ತದೆ.

ಕೋಟಿನ ಬಗ್ಗೆ ಯಾರೂ ಉತ್ತರಿಸಿಲ್ಲ. ನಿಮ್ಮವಳಂಥ ಮೈಕಟ್ಟಿಗೆ ಕೋಟು ಅಲಂಕಾರದ ವಸ್ತುವಲ್ಲ, ಬೇಕೇ ಬೇಕು. ಗ್ರೇಹೌಂಡ್, ವಿಪ್ಪೆಟ್ ಜಾತಿಯವುಗಳದ್ದೂ ಇದೇ ಕಥೆ. ಹಸ್ಕಿಯ ಹಾಗೆ ಎರಡು ಪದರದ ತುಪ್ಪಳ ಇವಕ್ಕಿಲ್ಲ. ಕಲ್ಲಾಗಿ ನಿಂತ ನಾಯಿ ಎಲ್ಲೂ ಹೊಯ್ಯುವುದಿಲ್ಲ ಎಂಬುದೂ ನಿಜ. ಹಾಗಾಗಿ ಕೋಟಿನ ಪಾಠ ಮನೆಯೊಳಗೆ, ಶೌಚದ ಹೊತ್ತಿಗೆ ಸಂಬಂಧವಿಲ್ಲದಂತೆ ಆಗಬೇಕು. ಮೊದಲು ಅದನ್ನು ನೆಲಕ್ಕೆ ಹಾಸಿ ಮೇಲೆ ತಿನಿಸು ಚೆಲ್ಲಿ. ಅದರ ಮೇಲೆ ನಿಂತು ಹಾಯಾಗಿ ತಿನ್ನತೊಡಗಿದ ಮೇಲೆ ಬೆನ್ನಿಗೆ ಸುಮ್ಮನೆ ಹೊದಿಸಿ ತೆಗೆಯಿರಿ. ಬಕಲ್ ಹಾಕುವುದು ಆಮೇಲಿನ ಮಾತು. ಪಟ್ಟಿ ಕೀಳುವಾಗ ಪರ್ರ್ ಎಂದು ಸದ್ದು ಮಾಡುವ ವೆಲ್ಕ್ರೋ ಇದ್ದರೆ ಆ ಸದ್ದನ್ನು ಬೇರೆಯಾಗಿಯೇ, ದೂರದಿಂದ ಕೇಳಿಸಿ ಅಭ್ಯಾಸ ಮಾಡಿಸಿ. ಎಷ್ಟೋ ನಾಯಿಗಳು ಹೆದರುವುದು ಕೋಟಿಗಲ್ಲ, ಕಿವಿಯ ಹತ್ತಿರದ ಆ ಸದ್ದಿಗೆ.

ಕೋಟು ಹಾಕಿ ಕುಳಿತಾಗ ಹಿಂದಿನ ಅಂಚು ಬಾಲದ ಬುಡವನ್ನು ಒತ್ತುತ್ತಿದೆಯೇ, ಹೊಟ್ಟೆಯ ಪಟ್ಟಿ ಹಿಂದಕ್ಕೆ ಜಾರಿ ಒದ್ದೆಯಾಗುತ್ತದೆಯೇ ಎಂದು ನೋಡಿ. ಒಮ್ಮೆ ಒದ್ದೆಯಾದ ಪಟ್ಟಿ ಹೆಪ್ಪುಗಟ್ಟಿ ಹೊಟ್ಟೆಗೆ ತಾಗಿದರೆ ನಿಮ್ಮ ಶ್ರಮವೆಲ್ಲ ಮಣ್ಣುಪಾಲು. ಮೈ ನಡುಗುವುದು, ಬೆನ್ನು ಬಾಗಿಸಿ ನಿಲ್ಲುವುದು, ಕಾಲು ಕೆಳಗಿಡಲು ಒಪ್ಪದಿರುವುದು ಕಂಡರೆ ವಾದ ಮಾಡದೆ ಒಳಗೆ ಕರೆತನ್ನಿ.

ಬಾಲಸಾಕ್ಷಿ:

ನನ್ನದು ಸಲಹೆಯಲ್ಲ, ಕಾಯುತ್ತಾ ನಿಂತಾಗ ಹೊತ್ತು ಕಳೆಯಲು ಒಂದು ವಿಷಯ. 2013ರಲ್ಲಿ ಜೆಕ್ ಮತ್ತು ಜರ್ಮನ್ ಸಂಶೋಧಕರು 37 ತಳಿಗಳ 70 ನಾಯಿಗಳನ್ನು ಎರಡು ವರ್ಷ ಗಮನಿಸಿದ ವರದಿಯನ್ನು ಪ್ರಕಟಿಸಿದರು. 1,893 ಸಲ ಮಲ, 5,582 ಸಲ ಮೂತ್ರ, ಎಲ್ಲದಕ್ಕೂ ದಿಕ್ಕು ಬರೆದಿಟ್ಟುಕೊಂಡರು. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಮಲವಿಸರ್ಜನೆಗೆ ಉತ್ತರ ದಕ್ಷಿಣವಾಗಿ ನಿಲ್ಲಲು ಇಷ್ಟಪಡುತ್ತವೆ ಎಂದು ಅವರ ತೀರ್ಮಾನ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿಯೂ ಮರುವರ್ಷ ಇದಕ್ಕೆ ಬಂತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಆ ಹಿಮದಲ್ಲಿ ನಿಂತು ಪುಸ್ತಕ ಹಿಡಿದು ದಿಕ್ಕು ಬರೆದವರ ತಾಳ್ಮೆಗೆ ಪ್ರಶಸ್ತಿ ಕೊಡುತ್ತೇನೆ.

ಮುದಿನಾಯಿಯ ಜೊತೆಗಾರ:

ಕಾರಿನ ಮಾಡು ಎಂದಾಕ್ಷಣ ನನಗೆ ಬೇರೆಯದೇ ಭಯ ಬಂತು. ದಯವಿಟ್ಟು ಇವತ್ತೇ ಕಾರಿನ ಅಡಿಯಲ್ಲಿ ಟಾರ್ಚ್ ಹಾಕಿ ನೋಡಿ. ಇಂಜಿನ್ ತಂಪಾಗಿಡುವ, ಚಳಿಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ ದ್ರವ ಸೋರಿದೆಯೇ ಪರೀಕ್ಷಿಸಿ. ಅದರಲ್ಲಿ ಸಾಮಾನ್ಯವಾಗಿ ಎಥಿಲಿನ್ ಗ್ಲೈಕಾಲ್ ಇರುತ್ತದೆ. ರುಚಿ ಸಿಹಿ, ನಾಯಿ ಸಂತೋಷದಿಂದ ನೆಕ್ಕುತ್ತದೆ. ಸ್ವಲ್ಪವೇ ಒಳಗೆ ಹೋದರೂ ಮೂತ್ರಪಿಂಡ ಕೈಕೊಡುತ್ತದೆ. ಮೊದಲು ಅಮಲೇರಿದಂತೆ ತೂರಾಡುತ್ತದೆ, ನಡುವೆ ಸುಧಾರಿಸಿದಂತೆ ಕಂಡು ಮೋಸಮಾಡುತ್ತದೆ. ನೆಕ್ಕಿದೆ ಎಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಆ ಗಳಿಗೆಯಲ್ಲೇ ಪಶುವೈದ್ಯರ ಬಳಿಗೆ ಓಡಬೇಕು. ಪ್ರತಿವಿಷ ಇದೆ, ಆದರೆ ಗಂಟೆಗಳ ಲೆಕ್ಕದಲ್ಲಿ ಕೊಡಬೇಕು. ಕೆಂಚಿಯ ಮೂಲೆ ಕಾರಿನ ಮೂತಿಯಿಂದ ದೂರ ಇರಲಿ.

ಎರಡನೆಯದು ಉಪ್ಪು. ಹಿಮ ಕರಗಲು ದಾರಿಗೆ ಎರಚುವ ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಅಂಗಾಲನ್ನು ಉರಿಸುತ್ತವೆ, ನೆಕ್ಕಿಕೊಂಡರೆ ವಾಂತಿ ಭೇದಿ. ಹೊರಗೆ ಹೋದರೆ ಕಾಲು ಉರಿಯುತ್ತದೆ ಎಂದು ಒಮ್ಮೆ ಮನಸ್ಸಿಗೆ ಬಂದರೆ ಶೌಚದ ಪಾಠ ಮುಂದೆ ಸಾಗುವುದಿಲ್ಲ. ಮೆಟ್ಟಿಲಿಗೂ ಮಾಡಿನ ದಾರಿಗೂ ಉಪ್ಪಿನ ಬದಲು ಮರಳು ಹಾಕಿ, ಜಾರುವುದೂ ಇಲ್ಲ. ಒಳಗೆ ಬಂದಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೆರಳ ಸಂದಿಗಳನ್ನು ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿ. ಅಲ್ಲಿನ ಕೂದಲು ಉದ್ದವಿದ್ದರೆ ಅಂಗಾಲಿನ ಮಟ್ಟಕ್ಕೆ ಕತ್ತರಿಸಿ. ಇಲ್ಲವಾದರೆ ಹಿಮದ ಗುಳಿಗೆಗಳು ಕಟ್ಟಿಕೊಂಡು ಪ್ರತಿ ಹೆಜ್ಜೆಗೂ ಒತ್ತುತ್ತವೆ. ಬರಿಯ ಹಿಮ ಅಷ್ಟು ಕೆಟ್ಟದ್ದಲ್ಲ. ನಾಯಿಯ ಪಾದದಲ್ಲಿ ಅಪಧಮನಿಗೆ ಅಂಟಿಕೊಂಡೇ ಅಭಿಧಮನಿಗಳ ಜಾಲ ಇದೆ. ಕೆಳಗಿಳಿಯುವ ಬಿಸಿ ರಕ್ತ ಮೇಲೇರುವ ತಣ್ಣನೆಯ ರಕ್ತಕ್ಕೆ ಶಾಖ ಕೊಡುತ್ತದೆ, ಮೈಯ ಬಿಸಿ ಪಾದದಿಂದ ಸೋರಿಹೋಗುವುದಿಲ್ಲ. ಆದರೂ ಎಲ್ಲಕ್ಕೂ ಮಿತಿ ಉಂಟು. ಕಿವಿಯ ತುದಿ, ಬಾಲದ ತುದಿ ಬಿಳಿಚಿಕೊಂಡಿವೆಯೇ ಎಂದು ಆಗಾಗ ಮುಟ್ಟಿ ನೋಡಿ.

ನನ್ನ ಮುದುಕನಿಗೆ ಸಂಧಿವಾತ. ಅವನು ಹೊರಗೆ ಹೋಗಲು ಒಪ್ಪದ್ದಕ್ಕೆ ಕಾರಣ ಹೊಸ್ತಿಲ ಆಚೆಯ ಮಂಜುಗಡ್ಡೆ. ಜಾರುವ ನೆಲದಲ್ಲಿ ಹಿಂಗಾಲು ಬಾಗಿಸಿ ಕೂರುವ ಧೈರ್ಯ ಅವನಿಗಿರಲಿಲ್ಲ. ಅಲ್ಲೊಂದು ಒರಟು ರಬ್ಬರ್ ಕಾಲೊರೆಸು ಹಾಸಿದ ಮೇಲೆ ತಾನೇ ಹೋಗಿ ಬರುತ್ತಿದ್ದಾನೆ. ಕೆಂಚಿ ಚಿಕ್ಕವಳು, ಆದರೂ ಮೆಟ್ಟಿಲ ತುದಿಯಲ್ಲಿ ನಿಂತು ಯೋಚಿಸುತ್ತಾಳೆ ಎಂದಿರಿ. ಆ ಮೆಟ್ಟಿಲನ್ನೊಮ್ಮೆ ನೋಡಿ.

ಕೆಂಚಿಯ ಮನೆಯವಳು:

ಎಲ್ಲರಿಗೂ ಧನ್ಯವಾದ. ಕೆಲವು ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ.

ಕಾರಿನ ಅಡಿಯಲ್ಲಿ ಸೋರಿಕೆ ಇಲ್ಲ. ಆದರೂ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಮಾಡನ್ನು ಪೂರ್ತಿ ಕೆಂಚಿಗೇ ಬಿಟ್ಟಿದ್ದೇವೆ. ಹಠದ ಪಕ್ಷದವರು ಈಗ ಪ್ರತಿ ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಏನೋ ಗೊಣಗುತ್ತಾರೆ, ನನಗೆ ಸರಿಯಾಗಿ ಕೇಳಿಸುವುದಿಲ್ಲ.

ಮೂತ್ರದ ಸಮಸ್ಯೆ ಹೆಚ್ಚುಕಡಿಮೆ ಮುಗಿದಿದೆ. ಬಟ್ಟೆಯ ಉಪಾಯ ಫಲಿಸಿತು. ಕೆರೆದ ಮಣ್ಣಿಗೆ ಬರಲು ಹಿಂದೆಮುಂದೆ ನೋಡಿದಳು. ಮುಂಗಾಲು ಮಣ್ಣಿನಲ್ಲಿ, ಹಿಂಗಾಲು ಸಿಮೆಂಟಿನಲ್ಲಿ ಇಟ್ಟು ಹೊಯ್ಯುವುದೇ ಬಹಳ ದಿನ ನಡೆಯಿತು. ಈಗ ನಾಲ್ಕೂ ಕಾಲು ಮಣ್ಣಿನಲ್ಲಿ. ಒಣಹುಲ್ಲು ಮಾತ್ರ ತಲೆಕೆಳಗಾಯಿತು. ಹರಡಿದ ಕೂಡಲೇ ಮೂರು ಸುತ್ತು ಹಾಕಿ, ಸುರುಳಿ ಸುತ್ತಿ ಮಲಗಿಬಿಟ್ಟಳು. ತೆಗೆದುಹಾಕಿದೆ. ಕೋಟಿನೊಳಗೆ ಈಗ ನಡೆಯುತ್ತಾಳೆ, ಸ್ವಲ್ಪ ಮದುಮಗಳ ನಡಿಗೆ, ಆದರೂ ನಡೆಯುತ್ತಾಳೆ.

ಉಳಿದಿರುವುದು ನಸುಕಿನ ಮಲ. ರಾತ್ರಿ ಮಲಗುವ ಮುಂಚೆ ಹೊರಗೆ ಮೂತ್ರ ಮಾತ್ರ ಆಗುತ್ತದೆ, ಬೆಳಗಾಗುವಷ್ಟರಲ್ಲಿ ಓಣಿಯಲ್ಲಿ ಮತ್ತೊಂದು ಕಾದಿರುತ್ತದೆ.

ಸಲಿಕೆ ಅಜ್ಜಿ:

ಹುಲ್ಲಿನ ವಿಷಯ ಓದಿ ನಕ್ಕೆ. ಆಶ್ರಯ ಕೇಂದ್ರದಲ್ಲಿ ಅವಳಿಗೆ ಹುಲ್ಲು ಹಾಸಿ ಮಲಗಿಸುತ್ತಿದ್ದರೋ ಏನೋ. ಹಾಸಿಗೆಯಲ್ಲಿ ಹೊಯ್ಯುವುದಿಲ್ಲ ಎಂಬುದು ಅವಳ ಸಂಸ್ಕಾರ, ಅದನ್ನೇ ಈಗ ಬಳಸಿಕೊಳ್ಳೋಣ. ರಾತ್ರಿ ಅವಳ ಹಾಸಿಗೆಯನ್ನು ಓಣಿಯಲ್ಲೇ, ಅವಳು ಮಲ ಹಾಕುವ ಜಾಗದ ಮೇಲೆಯೇ ಹಾಕಿ. ಓಣಿಗೆ ಬಾಗಿಲಿದ್ದರೆ ಮುಚ್ಚಿ ಬೇರೆಡೆ ಮಲಗಿಸಿದರೂ ಸರಿ. ಒಟ್ಟಿನಲ್ಲಿ ಖಾಲಿ ಟೈಲ್ಸ್ ಅವಳಿಗೆ ಸಿಗಬಾರದು.

ಸಂಜೆಯ ಊಟವನ್ನು ಈಗಿನದಕ್ಕಿಂತ ಎರಡು ಮೂರು ಗಂಟೆ ಮುಂಚೆ ಕೊಡಿ, ದಿನವೂ ಅದೇ ಹೊತ್ತಿಗೆ. ತಟ್ಟೆಯನ್ನು ಇಡೀ ದಿನ ತುಂಬಿಸಿಟ್ಟರೆ ಹೊರಹೋಗುವ ಹೊತ್ತೂ ಅಡ್ಡಾದಿಡ್ಡಿ ಆಗುತ್ತದೆ. ತಿಂದ ಮೇಲೆ ಕರುಳಿಗೆ ಚಾಲನೆ ಸಿಗುತ್ತದೆ. ಊಟವಾದ ಹದಿನೈದು ಮೂವತ್ತು ನಿಮಿಷಕ್ಕೆ ಒಮ್ಮೆ ಹೊರಗೆ, ಮಲಗುವ ಮುಂಚೆ ಮತ್ತೊಮ್ಮೆ.

ಮೂತ್ರಕ್ಕೆ ನಿಂತ ಜಾಗ ಸಾಕು, ಮಲಕ್ಕೆ ನಡಿಗೆ ಬೇಕು. ಕೆರೆದ ಜಾಗ ಈಗ ಎಷ್ಟಿದೆ? ಅವಳು ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಬರುವಷ್ಟು ಉದ್ದದ ದಾರಿಯೊಂದನ್ನು ಹಿಮದಲ್ಲಿ ಕೆರೆಯಿರಿ, ಇಬ್ಬರೂ ಹಿಂದೆ ಮುಂದೆ ನಡೆಯಿರಿ. ಕತ್ತಲಾದರೆ ಬೆಳಕು ನೆಲದ ಮೇಲೆ ಬೀಳಲಿ, ಅವಳ ಮುಖದ ಮೇಲೆ ಬೇಡ. ಮಲಕ್ಕೆ ಕುಳಿತ ನಾಯಿ ಸುತ್ತಲೂ ನೋಡುತ್ತಿರುತ್ತದೆ, ಕಣ್ಣು ಕೋರೈಸಿದರೆ ಎದ್ದುಬಿಡುತ್ತದೆ. ಓಣಿಯಲ್ಲಿ ಹಾಕಿದ್ದರಲ್ಲಿ ಒಂದು ತುಂಡನ್ನು ಆ ದಾರಿಯ ಕೊನೆಗೆ ಕೊಂಡೊಯ್ದು ಇಡಿ. ಉಳಿದದ್ದನ್ನು ಎತ್ತಿ ಬಿಸಾಡಿ.

ಬೆಳಿಗ್ಗೆ ಅವಳಿಗಿಂತ ಮುಂಚೆ ನೀವು ಏಳಬೇಕು, ಕೆಲವು ದಿನ ಮಟ್ಟಿಗೆ. ಮುಖ ತೊಳೆಯುವುದು, ಮೊಬೈಲ್ ನೋಡುವುದು ಎಲ್ಲ ಆಮೇಲೆ. ಹಾಸಿಗೆಯಿಂದ ನೇರ ಬೂಟಿಗೆ, ಬೂಟಿನಿಂದ ಬಾಗಿಲಿಗೆ. ರಾತ್ರಿಯೇ ಕೋಟು, ಹಗ್ಗ, ತಿನಿಸು ಮೂರನ್ನೂ ಬಾಗಿಲ ಬಳಿ ಇಟ್ಟಿರಿ. ಹೊರಗೆ ಹೋದದ್ದು ಖಾತ್ರಿಯಾದ ಮೇಲೆ ಏಳುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ತಡಮಾಡುತ್ತಾ ನಿಮ್ಮ ಮಾಮೂಲಿಗೆ ತನ್ನಿ.

ಹಿಮ ಕರಗುವ ವಾರದಲ್ಲಿ ಒಂದೆರಡು ದಿನ ಮತ್ತೆ ಗೊಂದಲ ಆಗಬಹುದು. ಹಿತ್ತಲೆಲ್ಲ ಕೆಸರು, ಎಲ್ಲೆಲ್ಲೂ ಹೊಸ ವಾಸನೆ, ನಿಮ್ಮ ಕೆರೆದ ಜಾಗದ ಗಡಿಯೇ ಕಾಣುವುದಿಲ್ಲ. ಆಗ ಗಾಬರಿಪಡದೆ ಮತ್ತೆ ಮಾಡಿನ ಅಂಚಿನಿಂದ ಶುರುಮಾಡಿ. ಅಲ್ಲಿಯವರೆಗೆ ಕಾರು ರಸ್ತೆಯಲ್ಲೇ ಇರಲಿ ಎಂದು ಗೊಣಗುವವರಿಗೆ ಹೇಳಿ.